ಹಳೆ ಮನೆ ರಿಪೇರಿ: ಮುಚ್ಚಿಹೋಗುವ ಕೆಲಸಕ್ಕೆ ಮೊದಲ ಹಣ

ಪ್ರಶ್ನೆ: ನಮ್ಮದು ಅಪ್ಪ ಕಟ್ಟಿಸಿದ ಮನೆ. ಸುಮಾರು 35 ವರ್ಷ ಹಳೆಯದು, ನೆಲ ಅಂತಸ್ತು ಮಾತ್ರ ಇದೆ. ಗೋಡೆಗಳ ಕೆಳಭಾಗದಲ್ಲಿ ತೇವ ಬಂದು ಬಣ್ಣ ಉದುರುತ್ತಿದೆ. ಬಚ್ಚಲುಮನೆಯ ಚಾವಣಿಯಲ್ಲಿ ಕಾಂಕ್ರೀಟ್ ಕಳಚಿ ತುಕ್ಕು ಹಿಡಿದ ಕಂಬಿ ಕಾಣುತ್ತಿದೆ. ಅದರ ಮೇಲೆಯೇ ನೀರಿನ ಟ್ಯಾಂಕ್ ಇದೆ. ಅಡುಗೆಮನೆ ಮತ್ತು ಹಾಲ್ ನಡುವಿನ ಗೋಡೆ ತೆಗೆಯಬೇಕು, ಮೇಲೆ ಎರಡು ರೂಮ್ ಕಟ್ಟಬೇಕು ಅಂತ ಆಸೆ. ತಾರಸಿಯಲ್ಲಿ ಪಿಲ್ಲರ್ ಕಂಬಿ ಬಿಟ್ಟಿದ್ದಾರೆ. ಕಂಟ್ರಾಕ್ಟರ್ ಎಲ್ಲವನ್ನೂ ಒಟ್ಟಿಗೆ ಮುಗಿಸಿಕೊಡುತ್ತೇನೆ, ತೇವಕ್ಕೆ ವಾಟರ್‌ಪ್ರೂಫ್ ಪುಟ್ಟಿ ಹಚ್ಚಿದರೆ ಸಾಕು ಅನ್ನುತ್ತಾರೆ. ನಮ್ಮ ಹಣಕ್ಕೆ ಮಿತಿ ಇದೆ. ಯಾವುದು ಮೊದಲು? ಕೆಡವಿ ಹೊಸದು ಕಟ್ಟುವುದೇ ಒಳ್ಳೆಯದಾ? ಕೆಲಸ ನಡೆಯುವಾಗ ಚಿಕ್ಕ ಮಕ್ಕಳ ಜೊತೆ ಅದೇ ಮನೆಯಲ್ಲಿ ಇರಬಹುದಾ?

ಉತ್ತರ: ದಯವಿಟ್ಟು ಇನ್ನೂ ಮುಂಗಡ ಕೊಡಬೇಡಿ. ನಿಮ್ಮ ಪ್ರಶ್ನೆಯಲ್ಲಿ ನಾಲ್ಕು ಬೇರೆ ಬೇರೆ ಕೆಲಸಗಳಿವೆ. ತೇವ, ತುಕ್ಕು ಹಿಡಿದ ಚಾವಣಿ, ಗೋಡೆ ತೆಗೆಯುವುದು, ಮೇಲೆ ಕಟ್ಟುವುದು. ಮೊದಲ ಎರಡಕ್ಕೆ ಕಾರಣ ಏನು ಅಂತ ಗೊತ್ತಾಗುವ ತನಕ ಕೊನೆಯ ಎರಡರ ಬಗ್ಗೆ ಯಾರೂ ಮಾತು ಕೊಡುವ ಹಾಗಿಲ್ಲ. ಕೊಟ್ಟರೆ ಅದು ಅಂದಾಜಿನ ಮಾತು.

ಹಣಕ್ಕೆ ಮಿತಿ ಇದೆ ಅಂದಿರಿ. ಹಾಗಾಗಿ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕೆಲಸ ಮುಗಿದ ಮೇಲೆ ಕಣ್ಣಿಗೆ ಕಾಣದ ಹಾಗೆ ಮುಚ್ಚಿಹೋಗುವ ಭಾಗಗಳಿಗೆ ಹಣ ಮೊದಲು ಹೋಗಬೇಕು. ಪಾಯ, ಕಂಬಿ, ಗೋಡೆಯೊಳಗಿನ ಪೈಪು, ನೆಲದಡಿಯ ಚರಂಡಿ, ವೈರಿಂಗ್, ಬಚ್ಚಲಿನ ಟೈಲ್ಸ್ ಕೆಳಗಿನ ವಾಟರ್‌ಪ್ರೂಫಿಂಗ್, ಇವೆಲ್ಲ ಆ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಏನೇ ಕೆಟ್ಟರೂ ಸರಿಪಡಿಸಲು ಅದರ ಮೇಲಿನದನ್ನೆಲ್ಲ ಒಡೆಯಬೇಕು. ಕಪಾಟು, ಲೈಟು, ನಲ್ಲಿ, ಬಣ್ಣ ಇವನ್ನು ಐದು ವರ್ಷ ಬಿಟ್ಟು ಬದಲಾಯಿಸಿದರೂ ಏನೂ ಒಡೆಯಬೇಕಿಲ್ಲ. ಆದರೆ ಜನ ಮಾಡುವುದು ಇದಕ್ಕೆ ತಿರುಗಾಮುರುಗಾ. ಶೋರೂಮ್‌ನಲ್ಲಿ ಟೈಲ್ಸ್ ಆರಿಸಲು ವಾರಗಟ್ಟಲೆ ಓಡಾಡುತ್ತಾರೆ. ಪೈಪ್ ಮುಚ್ಚುವ ದಿನ ಮನೆಯಲ್ಲಿ ಒಬ್ಬರೂ ಇರುವುದಿಲ್ಲ.

ಈಗ ತೇವದ ವಿಷಯ. ಪುಟ್ಟಿಯಿಂದ ಇದು ನಿಲ್ಲುವುದಿಲ್ಲ. ಗೋಡೆಯೊಳಗೆ ನೀರು ಇದ್ದರೆ ಅದು ಎಲ್ಲಾದರೂ ಹೊರಬರಲೇಬೇಕು. ಒಂದು ಕಡೆ ಮುಚ್ಚಿದರೆ ಇನ್ನೂ ಒಂದಡಿ ಮೇಲೆ ಹೋಗಿ ಬರುತ್ತದೆ, ಇಲ್ಲವೇ ಹೊಸ ಪುಟ್ಟಿಯನ್ನೇ ಪದರ ಪದರವಾಗಿ ಎಬ್ಬಿಸುತ್ತದೆ. ಮೊದಲು ಆ ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು.

ದಾರಿಗಳು ಹೆಚ್ಚಿಲ್ಲ. ಒಂದು, ನೆಲದಿಂದ ಮೇಲೇರುವ ತೇವ. ಇದು ಸಾಮಾನ್ಯವಾಗಿ ನೆಲದಿಂದ ಒಂದು ಮೀಟರ್ ಒಳಗೇ ನಿಲ್ಲುತ್ತದೆ. ಉದ್ದಕ್ಕೂ ಅಲೆ ಅಲೆಯ ಗೆರೆ ಕಾಣುತ್ತದೆ, ಗೆರೆಯ ಹತ್ತಿರ ಬಿಳಿ ಉಪ್ಪಿನ ಪುಡಿ ಇರುತ್ತದೆ. ಎರಡು, ಪೈಪ್ ಸೋರಿಕೆ. ಇದು ಒಂದೇ ಜಾಗದಲ್ಲಿ ಮಚ್ಚೆಯ ಹಾಗೆ ಕಾಣುತ್ತದೆ, ಬಿರುಬೇಸಿಗೆಯಲ್ಲೂ ಒಣಗುವುದಿಲ್ಲ. ಮೂರು, ಹೊರಗೋಡೆಯ ಬಿರುಕಿನಿಂದಲೋ ಕಿಟಕಿಯ ಸುತ್ತಲಿನಿಂದಲೋ ನುಗ್ಗುವ ಮಳೆ ನೀರು. ಇದು ಮಳೆ ಬಂದಾಗ ಹೆಚ್ಚಾಗಿ ಆಮೇಲೆ ಕಡಿಮೆಯಾಗುತ್ತದೆ. ನಾಲ್ಕು, ಒಳಗಿನ ಗಾಳಿಯ ಆವಿಯೇ ತಣ್ಣನೆ ಗೋಡೆಗೆ ತಾಗಿ ನೀರಾಗುವುದು. ಬೀರುವಿನ ಹಿಂದೆ, ಮೂಲೆಗಳಲ್ಲಿ ಕಪ್ಪು ಬೂಷ್ಟು ಕಂಡರೆ ಇದರ ಮೇಲೇ ಅನುಮಾನ ಪಡಬೇಕು.

ಇದನ್ನು ಪತ್ತೆ ಮಾಡಲು ನೀವೇ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ರಾತ್ರಿ ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ, ನೀರಿನ ಮೀಟರ್ ಓದಿ ಬರೆದಿಡಿ. ಬೆಳಗ್ಗೆ ಯಾರೂ ನೀರು ಮುಟ್ಟುವ ಮೊದಲು ಮತ್ತೆ ಓದಿ. ಮೀಟರ್ ಮುಂದೆ ಹೋಗಿದ್ದರೆ ಎಲ್ಲೋ ಸೋರುತ್ತಿದೆ. ಟ್ಯಾಂಕಿಗೆ ನೀರು ತುಂಬುವ ವಾಲ್ವನ್ನೂ ಮುಚ್ಚಿರಬೇಕು, ಮರೆಯಬೇಡಿ. ಟ್ಯಾಂಕಿನಿಂದ ಕೆಳಗೆ ಬರುವ ಪೈಪನ್ನು ಪರೀಕ್ಷಿಸಲು ಟ್ಯಾಂಕಿನ ನೀರಿನ ಮಟ್ಟಕ್ಕೆ ಒಳಗಡೆ ಗುರುತು ಹಾಕಿ ಬೆಳಗ್ಗೆ ನೋಡಿ. ಇನ್ನೊಂದು ಪರೀಕ್ಷೆಗೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆ ಬೇಕು. ತೇವದ ಗೋಡೆಯ ಮೇಲೆ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗಾಳಿ ಆಡದಂತೆ ಅಂಟಿಸಿ. ಎರಡು ದಿನ ಬಿಟ್ಟು ತೆಗೆಯಿರಿ. ಹಾಳೆಯ ಹಿಂಭಾಗ, ಅಂದರೆ ಗೋಡೆಯ ಕಡೆ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ರೂಮಿನ ಕಡೆ ಒದ್ದೆಯಾಗಿದ್ದರೆ ಅದು ಗಾಳಿಯ ಆವಿ. ಅದಕ್ಕೆ ಗಾಳಿ ಬೆಳಕು ಸರಿಮಾಡಿದರೆ ಸಾಕಾಗಬಹುದು.

ನೀವು ಹೇಳಿದ ಲಕ್ಷಣ ನೋಡಿದರೆ ನಿಮ್ಮದು ನೆಲದಿಂದ ಏರುವ ತೇವ ಅನ್ನಿಸುತ್ತದೆ. ಪಾಯದ ಮೇಲೆ, ಗೋಡೆ ಶುರುವಾಗುವ ಕಡೆ ನೀರು ತಡೆಯುವ ಒಂದು ಪದರ ಇರಬೇಕು. ಡಿಪಿಸಿ ಅನ್ನುತ್ತಾರೆ. ಹಳೆ ಮನೆಗಳಲ್ಲಿ ಅದು ಇಲ್ಲದಿರಬಹುದು, ಅಥವಾ ಒಡೆದಿರಬಹುದು. ಆದರೆ ಅದಕ್ಕಿಂತ ಮುಂಚೆ ಮನೆಯ ಹೊರಗೆ ಒಂದು ಸುತ್ತು ಹಾಕಿ ನೋಡಿ. ವರ್ಷಗಳು ಕಳೆದ ಹಾಗೆ ಅಂಗಳಕ್ಕೆ ಮಣ್ಣು ತುಂಬಿಸಿ, ಮೇಲೆ ಕಾಂಕ್ರೀಟ್ ಹಾಕಿ, ಅದರ ಮೇಲೆ ಟೈಲ್ಸ್ ಹಾಕಿ ಹೊರಗಿನ ನೆಲ ಒಳಗಿನ ನೆಲದ ಮಟ್ಟಕ್ಕೆ ಬಂದಿರುತ್ತದೆ. ಆಗ ಡಿಪಿಸಿ ಚೆನ್ನಾಗಿದ್ದರೂ ನೀರು ಅದನ್ನು ದಾಟಿ ಗೋಡೆಗೆ ಹತ್ತುತ್ತದೆ. ಹೊರಗಿನ ನೆಲ ಡಿಪಿಸಿಗಿಂತ ಕನಿಷ್ಠ 150 ಮಿ.ಮೀ. ಕೆಳಗಿರಬೇಕು, ಮತ್ತು ಮನೆಯಿಂದ ಆಚೆಗೆ ಇಳಿಜಾರಾಗಿರಬೇಕು. ಎಷ್ಟೋ ಮನೆಗಳಲ್ಲಿ ಆ ಎತ್ತರ ಇಳಿಸಿ, ತಾರಸಿಯ ನೀರು ಗೋಡೆ ಬುಡಕ್ಕೆ ಬೀಳದಂತೆ ಪೈಪ್ ತಿರುಗಿಸಿದರೆ ಅರ್ಧ ತೇವ ಹೋಗುತ್ತದೆ. ಇದಕ್ಕೆ ಖರ್ಚೂ ಕಡಿಮೆ. ಆಮೇಲೂ ಉಳಿದರೆ ಗೋಡೆಗೆ ರಂಧ್ರ ಕೊರೆದು ನೀರು ತಡೆಯುವ ರಾಸಾಯನಿಕ ತುಂಬಿಸುವ ಚಿಕಿತ್ಸೆ ಇದೆ.

ಕಾರಣ ಸರಿಪಡಿಸಿದ ಮೇಲೆ ಕಾಯಬೇಕು. ಇದೇ ಎಲ್ಲರಿಗೂ ಕಷ್ಟವಾಗುವ ಭಾಗ. ಒದ್ದೆ ಗೋಡೆ ಒಣಗಲು ಪ್ರತಿ 25 ಮಿ.ಮೀ. ದಪ್ಪಕ್ಕೆ ಒಂದು ತಿಂಗಳು ಅಂತ ಒಂದು ಹಳೆಯ ಲೆಕ್ಕ ಇದೆ. ಅಂದರೆ 9 ಇಂಚಿನ ಗೋಡೆಗೆ ಒಂಬತ್ತು ತಿಂಗಳು. ಹಾಳಾದ ಗಾರೆ ಕೆತ್ತಿ ತೆಗೆದು ಇಟ್ಟಿಗೆಯನ್ನು ಬಿಚ್ಚಿಟ್ಟರೆ ಬೇಗ ಒಣಗುತ್ತದೆ. ಆ ಹಳೆ ಗಾರೆಯಲ್ಲಿ ಉಪ್ಪು ತುಂಬಿರುತ್ತದೆ, ಅದು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಅದನ್ನು ಗೋಡೆಯಲ್ಲೇ ಬಿಟ್ಟು ಮೇಲೆ ಬಣ್ಣ ಹೊಡೆಯುವುದು ದಂಡ. ಇನ್ನೊಂದು ಎಚ್ಚರಿಕೆ. ಗೋಡೆಯನ್ನು ಸುಣ್ಣದ ಗಾರೆಯಲ್ಲಿ ಕಟ್ಟಿದ್ದರೆ ಅದಕ್ಕೆ ಗಟ್ಟಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಬೇಡಿ. ಸುಣ್ಣದ ಗೋಡೆ ಮೈಯಿಂದಲೇ ಆವಿಯಾಗಿ ನೀರು ಬಿಡುತ್ತದೆ. ಸಿಮೆಂಟ್ ಅದನ್ನು ಕಟ್ಟಿಹಾಕುತ್ತದೆ, ತೇವ ಇನ್ನೂ ಮೇಲಕ್ಕೇರುತ್ತದೆ. ಅದಕ್ಕೆ ಸುಣ್ಣದ ಗಾರೆಯೇ ಸರಿ.

ಬಚ್ಚಲಿನ ಚಾವಣಿ ಇದಕ್ಕಿಂತ ಅರ್ಜೆಂಟ್. ಅದರ ಮೇಲೆ ಟ್ಯಾಂಕ್ ಇದೆ ಅಂದಿದ್ದೀರಿ. 1000 ಲೀಟರ್ ನೀರು ಅಂದರೆ ಒಂದು ಟನ್ ತೂಕ. ಈ ವಾರವೇ ಟ್ಯಾಂಕ್ ಖಾಲಿ ಮಾಡಿ ಬೇರೆ ಕಡೆಗೆ ಇಳಿಸಿ. ಚಾವಣಿ ನೋಡಿದ ಇಂಜಿನಿಯರ್ ಹೇಳುವ ತನಕ ಆ ಬಚ್ಚಲನ್ನು ಬಳಸಬೇಡಿ. ಕಾಂಕ್ರೀಟ್ ತುಂಡು ತಲೆ ಮೇಲೆ ಬೀಳಲು ಹೆಚ್ಚು ಹೊತ್ತು ಬೇಕಿಲ್ಲ.

ಅಲ್ಲಿ ಏನಾಗಿದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ರಿಪೇರಿಯ ಹೆಸರಿನಲ್ಲಿ ಸುಮ್ನೆ ಸಿಮೆಂಟ್ ಮೆತ್ತಿ ಹೋಗುವವರು ಜಾಸ್ತಿ. ಹೊಸ ಕಾಂಕ್ರೀಟಿನಲ್ಲಿ ಕ್ಷಾರ ತುಂಬಾ ಇರುತ್ತದೆ. ಆ ಕ್ಷಾರವೇ ಕಂಬಿಯನ್ನು ತುಕ್ಕಿನಿಂದ ಕಾಯುತ್ತದೆ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಕಾಂಕ್ರೀಟಿನ ಒಳಕ್ಕೆ ಇಳಿಯುತ್ತಾ ಕ್ಷಾರವನ್ನು ಕಡಿಮೆ ಮಾಡುತ್ತದೆ. ಕಂಬಿಯ ಕೆಳಗೆ ಸಾಕಷ್ಟು ಕಾಂಕ್ರೀಟ್ ಇಲ್ಲದಿದ್ದರೆ, ಅಥವಾ ಕಾಂಕ್ರೀಟ್ ಗಟ್ಟಿಯಾಗಿಲ್ಲದೆ ತೂತು ತೂತಾಗಿದ್ದರೆ, ಇದು ಬೇಗ ಕಂಬಿಯ ತನಕ ತಲುಪುತ್ತದೆ. ಜೊತೆಗೆ ಮೇಲಿನಿಂದ ಟ್ಯಾಂಕಿನ ನೀರು, ಕೆಳಗಿನಿಂದ ಬಚ್ಚಲಿನ ಹಬೆ. ತುಕ್ಕು ಶುರುವಾಗುತ್ತದೆ. ತುಕ್ಕಾದ ಕಬ್ಬಿಣ ಮೊದಲಿಗಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟ್ ಸೀಳಿ ಉದುರುತ್ತದೆ.

ಹಾಗಾಗಿ ಸರಿಯಾದ ರಿಪೇರಿ ಅಂದರೆ ಹೀಗಿರಬೇಕು. ಮೊದಲು ಚಾವಣಿಗೆ ಕೆಳಗಿನಿಂದ ಜಾಕ್ ಕೊಟ್ಟು ನಿಲ್ಲಿಸಬೇಕು. ಸಡಿಲವಾದ ಕಾಂಕ್ರೀಟನ್ನು ಕಂಬಿಯ ಹಿಂಭಾಗದ ತನಕ, ಸುತ್ತಲೂ ಬೆರಳು ಹೋಗುವಷ್ಟು ಬಿಡಿಸಬೇಕು. ತುಕ್ಕನ್ನು ಬಿಳಿ ಲೋಹ ಕಾಣುವ ತನಕ ಉಜ್ಜಬೇಕು. ಆಮೇಲೆ ಉಳಿದ ಕಂಬಿಯ ದಪ್ಪ ಅಳೆಯಬೇಕು. ಇದನ್ನು ಬಹಳ ಜನ ಅಳೆಯುವುದೇ ಇಲ್ಲ. 8 ಮಿ.ಮೀ. ಕಂಬಿ ತುಕ್ಕು ಹಿಡಿದು 6 ಮಿ.ಮೀ. ಆಗಿದ್ದರೆ ನೋಡಲು ಸ್ವಲ್ಪವೇ ಸಣ್ಣಗಾದ ಹಾಗೆ ಕಾಣುತ್ತದೆ. ಲೆಕ್ಕ ಹಾಕಿದರೆ ಅದರ ಬಲದ ಶೇ. 44ರಷ್ಟು ಹೋಗಿರುತ್ತದೆ. ಅಂಥ ಕಡೆ ಹೊಸ ಕಂಬಿ ಸೇರಿಸಲೇಬೇಕು, ಹಳೆಯದರ ಜೊತೆ ಸಾಕಷ್ಟು ಉದ್ದ ಜೋಡಿಸಿ. ಅದಾದ ಮೇಲೆ ತುಕ್ಕು ತಡೆಯುವ ಲೇಪ, ಹಳೆ ಹೊಸ ಕಾಂಕ್ರೀಟ್ ಅಂಟಲು ಬಾಂಡಿಂಗ್ ಪದರ, ರಿಪೇರಿಗೆಂದೇ ಸಿಗುವ ಪಾಲಿಮರ್ ಗಾರೆ ಅಥವಾ ಮೈಕ್ರೋ ಕಾಂಕ್ರೀಟ್, ಕೊನೆಗೆ ಕ್ಯೂರಿಂಗ್, ಅಂದರೆ ಕೆಲವು ದಿನ ಒದ್ದೆಯಾಗಿಡುವುದು. ಮತ್ತು ಮೇಲಿನ ಸೋರಿಕೆ ಇದಕ್ಕಿಂತ ಮೊದಲೇ ನಿಂತಿರಬೇಕು.

ಬಚ್ಚಲಿನಲ್ಲಿ ಕಂಡದ್ದು ಬೇರೆ ರೂಮುಗಳಲ್ಲೂ ಒಳಗೊಳಗೇ ನಡೆಯುತ್ತಿರಬಹುದು. ಸುತ್ತಿಗೆಯಿಂದ ಚಾವಣಿಯನ್ನು ಮೆಲ್ಲಗೆ ತಟ್ಟುತ್ತಾ ಹೋದರೆ ಟೊಳ್ಳು ಶಬ್ದ ಬಂದ ಕಡೆ ಗೊತ್ತಾಗುತ್ತದೆ. ಇಂಜಿನಿಯರ್ ಬಂದಾಗ ಒಂದೆರಡು ಕಡೆ ಚಿಕ್ಕದಾಗಿ ಕೆತ್ತಿ, ಹೊಸದಾಗಿ ಒಡೆದ ಮುಖದ ಮೇಲೆ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಲು ಕೇಳಿ. ಕ್ಷಾರ ಉಳಿದಿರುವ ಕಡೆ ಗುಲಾಬಿ ಬಣ್ಣ ಬರುತ್ತದೆ. ಕ್ಷಾರ ಹೋದ ಕಡೆ ಬಣ್ಣ ಬರುವುದಿಲ್ಲ. ಬಣ್ಣ ಬಾರದ ಪದರ ಕಂಬಿಯ ತನಕ ಹೋಗಿದ್ದರೆ ಇವತ್ತು ಚೆನ್ನಾಗಿ ಕಾಣುವ ಚಾವಣಿಗೂ ನೀರು ತಾಗಿದರೆ ತುಕ್ಕು ಹಿಡಿಯುತ್ತದೆ. ನಿಮ್ಮ ಮುಂದಿನ ಎಲ್ಲ ತೀರ್ಮಾನಗಳಿಗೂ ಈ ಚಿಕ್ಕ ಪರೀಕ್ಷೆ ದೊಡ್ಡ ಆಧಾರ.

ಬಿರುಕುಗಳ ಬಗ್ಗೆ ನೀವು ಏನೂ ಬರೆದಿಲ್ಲ. ಇದ್ದರೆ ಗಮನಿಸಿ. ಕೂದಲೆಳೆಯ ಬಿರುಕುಗಳು ಪ್ಲಾಸ್ಟರ್ ಒಣಗುವಾಗ ಬಂದಿರುತ್ತವೆ, ಅವಕ್ಕೆ ಹೆದರಬೇಡಿ. ಪಿಲ್ಲರ್ ಮತ್ತು ಇಟ್ಟಿಗೆ ಗೋಡೆ ಸೇರುವ ಕಡೆ ನೇರವಾಗಿ ಬರುವ ಬಿರುಕು ಎರಡು ವಸ್ತುಗಳು ಬೇರೆ ಬೇರೆಯಾಗಿ ಹಿಗ್ಗುವುದರಿಂದ ಬರುತ್ತದೆ. ಜಾಲರಿ ಹಾಕಿ ಪ್ಲಾಸ್ಟರ್ ಮಾಡಿದರೆ ಸಾಕು. ಆದರೆ ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಹೋಗುವ ಬಿರುಕು, ಒಂದು ತುದಿಯಲ್ಲಿ ಅಗಲವಾಗಿ ಇನ್ನೊಂದು ತುದಿಯಲ್ಲಿ ಸಣ್ಣಗಿರುವ ಬಿರುಕು, ಇವು ಪಾಯ ಕುಸಿಯುತ್ತಿರುವ ಸೂಚನೆ ಆಗಿರಬಹುದು. ಬಿರುಕಿನ ಎರಡೂ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಿ, ಅಂತರ ಅಳೆದು, ತಾರೀಖು ಬರೆಯಿರಿ. ಒಂದು ಮಳೆಗಾಲ ಒಂದು ಬೇಸಿಗೆ ಎರಡನ್ನೂ ನೋಡಿದರೆ ಅದು ನಿಂತ ಬಿರುಕೋ ಬೆಳೆಯುವ ಬಿರುಕೋ ಗೊತ್ತಾಗುತ್ತದೆ. ಬೆಳೆಯುವ ಬಿರುಕನ್ನು ತುಂಬಿಸಿ ಪ್ರಯೋಜನವಿಲ್ಲ.

ಅಡುಗೆಮನೆ ಗೋಡೆಗೆ ಬರೋಣ. ಆ ಗೋಡೆ ಚಾವಣಿಯ ಭಾರ ಹೊತ್ತಿದೆಯೇ ಅನ್ನುವುದೊಂದೇ ಪ್ರಶ್ನೆ. ದಪ್ಪ ಗೋಡೆ ಭಾರ ಹೊರುತ್ತದೆ, ತೆಳು ಗೋಡೆ ಹೊರುವುದಿಲ್ಲ ಅಂತ ಮೇಸ್ತ್ರಿಗಳು ಹೇಳುವುದುಂಟು. ಅದನ್ನು ನಂಬಿ ಗೋಡೆ ಒಡೆಯಬೇಡಿ. ಚಾವಣಿಯ ಮುಖ್ಯ ಕಂಬಿ ಯಾವ ದಿಕ್ಕಿಗೆ ಹೋಗಿದೆ, ಅದು ಯಾವ ಗೋಡೆಗಳ ಮೇಲೆ ಕೂತಿದೆ ಅನ್ನುವುದು ಮುಖ್ಯ. ಕಂಬಿ ಹುಡುಕುವ ಉಪಕರಣ ಇದೆ, ಗೋಡೆ ಚಾವಣಿ ಏನೂ ಒಡೆಯದೆ ಇದನ್ನು ತಿಳಿಯಬಹುದು. ನಿಮ್ಮ ಮನೆಗೆ ಪಿಲ್ಲರ್ ಇದೆ, ಹಾಗಾಗಿ ಮೇಲೆ ಬೀಮ್ ಇದ್ದು ಗೋಡೆ ಬರೀ ಅಡ್ಡಗೋಡೆ ಆಗಿರುವ ಸಾಧ್ಯತೆ ಇದೆ. ಆದರೆ ಮೂಲೆಗಳಿಗೆ ಮಾತ್ರ ಪಿಲ್ಲರ್ ಹಾಕಿ ಒಳಗೆಲ್ಲ ಗೋಡೆಯ ಮೇಲೇ ಚಾವಣಿ ಕೂರಿಸಿದ ಮನೆಗಳೂ ಇವೆ. ಭಾರ ಹೊತ್ತ ಗೋಡೆಯೇ ಆಗಿದ್ದರೂ ತೆಗೆಯಬಹುದು. ಅದಕ್ಕೆ ಎರಡೂ ಕಡೆ ಜಾಕ್ ಕೊಟ್ಟು, ಲೆಕ್ಕ ಹಾಕಿದ ಉಕ್ಕಿನ ಬೀಮ್ ಕೂರಿಸಿ, ಬೀಮಿನ ತುದಿಗಳ ಭಾರ ಕೆಳಗಿನ ಪಾಯಕ್ಕೆ ಹೋಗುವಂತೆ ಮಾಡಬೇಕು. ಖರ್ಚು ಜಾಸ್ತಿ. ಪೂರ್ತಿ ತೆಗೆಯುವ ಬದಲು ಅಗಲವಾದ ಒಂದು ತೆರಪು ಮಾಡಿದರೆ ನಿಮಗೆ ಸಾಕಾಗುತ್ತದಾ ಅಂತ ಒಮ್ಮೆ ಯೋಚಿಸಿ. ಬಹಳ ಮನೆಗಳಲ್ಲಿ ಅಷ್ಟು ಸಾಕು.

ಮೇಲೆ ಕಟ್ಟುವ ಆಸೆಯ ಬಗ್ಗೆ ನೇರವಾಗಿ ಹೇಳಬೇಕು. ತಾರಸಿಯಲ್ಲಿ ಕಂಬಿ ಬಿಟ್ಟಿದ್ದಾರೆ ಅನ್ನುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಪಿಲ್ಲರಿನ ಮೇಲೆ ನಾಲ್ಕು ಕಂಬಿ ಚಾಚಿ ಬಿಡಲು ಏನೂ ಲೆಕ್ಕ ಬೇಕಿಲ್ಲ. ಕೆಳಗೆ ಪಾಯವನ್ನು ಎಷ್ಟು ಅಂತಸ್ತಿಗೆ ಹಾಕಿದ್ದಾರೆ ಅನ್ನುವುದೇ ವಿಷಯ. ಭಾರದ ಅಂದಾಜು ಕೊಡುತ್ತೇನೆ. 10 ಅಡಿಗೆ 12 ಅಡಿಯ ಒಂದು ರೂಮಿನ ಮೇಲೆ 5 ಇಂಚು ದಪ್ಪದ ಚಾವಣಿ ಹಾಕಿದರೆ ಅದೊಂದೇ ಸುಮಾರು ಮೂರೂವರೆ ಟನ್ ತೂಗುತ್ತದೆ. 9 ಇಂಚಿನ ಇಟ್ಟಿಗೆ ಗೋಡೆ 3 ಮೀಟರ್ ಎತ್ತರಕ್ಕೆ ಎದ್ದರೆ ಪ್ರತಿ ಒಂದು ಮೀಟರ್ ಉದ್ದಕ್ಕೂ ಸುಮಾರು 1.3 ಟನ್. ಇದೆಲ್ಲ ಹೋಗಿ ಕೂರುವುದು 35 ವರ್ಷ ಹಿಂದೆ ಹಾಕಿದ ಪಾಯದ ಮೇಲೆ.

ಹಳೆ ನಕ್ಷೆ, ಕಂಬಿಯ ಡ್ರಾಯಿಂಗ್ ಮನೆಯಲ್ಲಿ ಎಲ್ಲಾದರೂ ಇದೆಯಾ ಹುಡುಕಿ. ಇಲ್ಲದಿದ್ದರೆ ಒಂದೆರಡು ಪಿಲ್ಲರ್ ಪಕ್ಕ ಗುಂಡಿ ತೆಗೆಸಿ ಪಾಯದ ಆಳ, ಅಗಲ, ಕೆಳಗಿನ ಮಣ್ಣು ನೋಡಿಸಿ. ಕಪ್ಪು ಜೇಡಿ ಮಣ್ಣಾದರೆ ಇನ್ನೂ ಹುಷಾರು, ಅದು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಗುಂಡಿಯನ್ನು ಪಾಯದ ಅಡಿಗಿಂತ ಕೆಳಕ್ಕೆ ಇಳಿಸದಂತೆ ನೋಡಿಕೊಳ್ಳಿ. ಪಿಲ್ಲರಿನ ಕಾಂಕ್ರೀಟಿನ ಬಲವನ್ನೂ ಪರೀಕ್ಷಿಸಬೇಕು. ಮೈಗೆ ಬಡಿದು ಪುಟಿಯುವುದನ್ನು ಅಳೆಯುವ ರಿಬೌಂಡ್ ಹ್ಯಾಮರ್ ಒಂದೇ ಸಾಲದು, ಹಳೆ ಕಾಂಕ್ರೀಟಿನ ಮೈ ಗಟ್ಟಿಯಾಗಿ ಅದು ಹೆಚ್ಚು ಬಲ ತೋರಿಸಬಹುದು. ಅಗತ್ಯ ಬಿದ್ದರೆ ಕೋರ್, ಅಂದರೆ ಕಾಂಕ್ರೀಟಿನ ಉರುಳೆಯಾಕಾರದ ತುಂಡು, ಕೊರೆದು ತೆಗೆದು ಪರೀಕ್ಷಿಸುತ್ತಾರೆ. ಇಷ್ಟು ವರ್ಷ ಬಿಸಿಲು ಮಳೆಗೆ ನಿಂತ ಆ ಚಾಚಿದ ಕಂಬಿಗಳೂ ತುಕ್ಕು ಹಿಡಿದಿರುತ್ತವೆ. ಬುಡದಲ್ಲಿ, ಕಾಂಕ್ರೀಟಿನಿಂದ ಹೊರಬರುವ ಕಡೆಯೇ ಹೆಚ್ಚು ಸವೆದಿರುತ್ತವೆ. ಅವನ್ನು ಬಡಿದು ನೆಟ್ಟಗೆ ಮಾಡಿ ಬಳಸಲು ಬಿಡಬೇಡಿ.

ಪೂರ್ತಿ ಭಾರ ತಾಳುವುದಿಲ್ಲ ಅಂತ ಬಂದರೆ ದಾರಿ ಮುಚ್ಚಿತು ಅಂತಲ್ಲ. ಹಗುರ ಬ್ಲಾಕ್‌ಗಳು ಇಟ್ಟಿಗೆಯ ಮೂರನೇ ಒಂದರಷ್ಟು ತೂಕ ಇರುತ್ತವೆ. ಕಾಂಕ್ರೀಟ್ ಚಾವಣಿಯ ಬದಲು ಉಕ್ಕಿನ ಚೌಕಟ್ಟಿನ ಮೇಲೆ ಶೀಟು ಹಾಕಿ ಕೆಳಗೆ ಶಾಖ ತಡೆಯುವ ಪದರ ಕೊಡಬಹುದು. ಎರಡು ರೂಮಿನ ಬದಲು ಒಂದು ಆಗಬಹುದು. ಇದನ್ನು ಲೆಕ್ಕದ ಮೇಲೆ ತೀರ್ಮಾನಿಸಿ.

ಕಟ್ಟುವುದೇ ಆದರೆ ಕಾಂಕ್ರೀಟ್ ಹಾಕುವ ದಿನ ನೀವು ಅಲ್ಲಿರಬೇಕು. ನೋಡಬೇಕಾದದ್ದು ಮುಖ್ಯವಾಗಿ ನೀರು. 50 ಕೆ.ಜಿ.ಯ ಒಂದು ಮೂಟೆ ಸಿಮೆಂಟಿಗೆ ಸುಮಾರು 25 ಲೀಟರ್, ಒದ್ದೆ ಮರಳಿನಲ್ಲಿರುವ ನೀರೂ ಸೇರಿ. ಸಿಮೆಂಟ್ ಗಟ್ಟಿಯಾಗುವ ಕ್ರಿಯೆಗೆ ಅದರ ಅರ್ಧದಷ್ಟೇ ಬೇಕು. ಉಳಿದದ್ದು ಕಲಸಲು, ಹರಡಲು. ಅದು ಆಮೇಲೆ ಆರಿಹೋಗಿ ಒಳಗೆ ಸಣ್ಣ ಸಣ್ಣ ತೂತು ಬಿಡುತ್ತದೆ. ಸುಲಭವಾಗಿ ಹರಿಯಲಿ ಅಂತ ಇನ್ನೊಂದು ಬಕೆಟ್ ಸುರಿದರೆ ತೂತೂ ಜಾಸ್ತಿ, ಬಲವೂ ಕಡಿಮೆ. ನಿಮ್ಮ ಬಚ್ಚಲಿನ ಚಾವಣಿಗೂ ಇಂಥದ್ದೇ ಏನೋ ಆಗಿರಬಹುದು. ರೆಡಿಮಿಕ್ಸ್ ಲಾರಿ ಬಂದಾಗಲೂ ಪೈಪ್ ಹಿಡಿದು ನೀರು ಬಿಡುವವರಿದ್ದಾರೆ. ತಡೆಯಿರಿ. ಇನ್ನೊಂದು, ಕವರ್ ಬ್ಲಾಕ್, ಅಂದರೆ ಕಂಬಿಯ ಹೊರಗೆ ಬೇಕಾದಷ್ಟು ದಪ್ಪ ಕಾಂಕ್ರೀಟ್ ಉಳಿಯಲಿ ಅಂತ ಇಡುವ ಚಿಕ್ಕ ತುಂಡು. ಚಾವಣಿಗೆ ಕನಿಷ್ಠ 20 ಮಿ.ಮೀ., ಪಿಲ್ಲರಿಗೆ 40 ಮಿ.ಮೀ., ಪಾಯಕ್ಕೆ 50 ಮಿ.ಮೀ. ಜಲ್ಲಿ ಚೂರು ಇಟ್ಟು ಕಂಬಿ ಎತ್ತುವುದನ್ನು ಒಪ್ಪಬೇಡಿ, ಕೆಲಸದವರು ಅದರ ಮೇಲೆ ಓಡಾಡಿದ ಕೂಡಲೇ ಅದು ಜಾರುತ್ತದೆ. ಕಾಂಕ್ರೀಟನ್ನು ಅದುರಿಸಿ ಒಳಗಿನ ಗಾಳಿ ಬಿಡಿಸುವ ವೈಬ್ರೇಟರ್ ಇರಲಿ, ಕರೆಂಟ್ ಹೋದರೆ ಅಂತ ಬದಲಿ ವ್ಯವಸ್ಥೆಯೂ ಇರಲಿ.

ಕ್ಯೂರಿಂಗ್ ಕನಿಷ್ಠ 7 ದಿನ. ಹಾರುಬೂದಿ ಬೆರೆಸಿದ ಸಿಮೆಂಟ್ ಅಥವಾ ಬಿಸಿ ಒಣಹವೆ ಇದ್ದರೆ 10 ದಿನಕ್ಕಿಂತ ಕಡಿಮೆ ಬೇಡ. ದಿನಕ್ಕೆರಡು ಸಲ ನೀರು ಚಿಮುಕಿಸಿದರೆ ಆಗಲಿಲ್ಲ, ಮೈ ಒಣಗಲೇಬಾರದು. ಪಿಲ್ಲರಿಗೆ ಗೋಣಿ ಸುತ್ತಿ ಒದ್ದೆ ಇಡಿ. ಹೊಸ ಚಾವಣಿಯನ್ನು ಹೊತ್ತ ಸೆಂಟ್ರಿಂಗ್ ಜಾಕ್ ತೆಗೆಯುವ ದಿನವನ್ನು ಇಂಜಿನಿಯರ್ ಬರೆದುಕೊಡಲಿ. ಬಾಡಿಗೆ ಉಳಿಸಲು ಬೇಗ ಬಿಚ್ಚುವ ಒತ್ತಡ ಯಾವಾಗಲೂ ಇರುತ್ತದೆ.

ಪೈಪು ಮತ್ತು ವೈರಿಂಗ್ ಬಗ್ಗೆ ಚಿಕ್ಕದಾಗಿ. ನೀರಿನ ಪೈಪಿಗೆ ಗೋಡೆ ಮುಚ್ಚುವ ಮೊದಲು ಒತ್ತಡ ಪರೀಕ್ಷೆ ಮಾಡಿಸಿ. ಬಚ್ಚಲಿನ ವಾಟರ್‌ಪ್ರೂಫಿಂಗ್ ಆದ ಮೇಲೆ ಟೈಲ್ಸ್ ಹಾಕುವ ಮುಂಚೆ ನೀರು ನಿಲ್ಲಿಸಿ 48 ಗಂಟೆ ಬಿಟ್ಟು ಕೆಳಗೆ ನೋಡಿ. ಸೋರುವುದು ಹೆಚ್ಚಾಗಿ ನೆಲದ ಮಧ್ಯದಲ್ಲಲ್ಲ, ಪೈಪ್ ಹಾದುಹೋಗುವ ತೂತಿನ ಸುತ್ತ ಮತ್ತು ಗೋಡೆ ನೆಲ ಸೇರುವ ಮೂಲೆಯಲ್ಲಿ. 35 ವರ್ಷದ ವೈರಿಂಗನ್ನು ಪೂರ್ತಿ ಬದಲಾಯಿಸಿ, ಅರ್ಧಂಬರ್ಧ ಬೇಡ. ಹಳೆ ವೈರಿನ ಮೇಲಿನ ಹೊದಿಕೆ ಮುಟ್ಟಿದರೆ ಪುಡಿಯಾಗಬಹುದು, ಅರ್ಥಿಂಗ್ ತಂತಿ ಇಲ್ಲದೆಯೂ ಇರಬಹುದು. ಕರೆಂಟ್ ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್ಚಾದ ಎಂಸಿಬಿ ವೈರ್ ಸುಡದಂತೆ ಕಾಯುತ್ತದೆ ಅಷ್ಟೇ, ಮನುಷ್ಯರನ್ನು ಶಾಕ್‌ನಿಂದ ಕಾಯಲು, ಕರೆಂಟ್ ಸೋರಿದ ಕೂಡಲೇ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಬೇರೆಯೇ ಬೇಕು. ಎಲ್ಲ ಮುಚ್ಚುವ ಮುಂಚಿನ ದಿನ ಪ್ರತಿ ಗೋಡೆಗೂ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಡಿ. ನಾಳೆ ಮೊಳೆ ಹೊಡೆಯುವಾಗ ಪೈಪ್ ಎಲ್ಲಿದೆ ಅಂತ ಗೊತ್ತಿರುತ್ತದೆ.

ಹಣದ ಮಾತು. ಹೊಸ ಮನೆಗೆ ಅಂದಾಜಿನ ಮೇಲೆ ಶೇ. 10 ತೆಗೆದಿಡಿ ಅನ್ನುತ್ತೇವೆ. ಹಳೆ ಮನೆಗೆ ಶೇ. 20 ಇರಲಿ, ಯಾಕೆಂದರೆ ಪ್ಲಾಸ್ಟರ್ ತೆಗೆದ ಮೇಲೇ ಒಳಗಿನದು ಗೊತ್ತಾಗುವುದು. ಈ ಹಣವನ್ನು ಟೈಲ್ಸ್ ಆರಿಸುವಾಗ ಮುಟ್ಟಬೇಡಿ. ಕಂಟ್ರಾಕ್ಟರ್ ಜೊತೆ ಬರಹದಲ್ಲಿ ಒಪ್ಪಂದ ಇರಲಿ. ರಿಪೇರಿ ಕೆಲಸಕ್ಕೆ ಚದರಡಿ ಲೆಕ್ಕ ಸರಿಹೋಗುವುದಿಲ್ಲ. ಪ್ರತಿ ಕೆಲಸಕ್ಕೂ ಬೇರೆ ದರ, ಆದ ಕೆಲಸ ಅಳೆದು ಹಣ. ದಿನಾಂಕ ನೋಡಿ ಕಂತು ಕೊಡಬೇಡಿ, ಹಂತ ಮುಗಿದ ಮೇಲೆ ಕೊಡಿ. ಮಧ್ಯೆ ಏನು ಬದಲಾಯಿಸಿದರೂ ಕೆಲಸಕ್ಕೆ ಮುಂಚೆ ಅದರ ಖರ್ಚು ಬರೆಸಿಕೊಂಡು ಇಬ್ಬರೂ ಸಹಿ ಹಾಕಿ. ಜಗಳಗಳು ಹೆಚ್ಚಾಗಿ ಹುಟ್ಟುವುದು ಇಲ್ಲೇ. ಕೊನೆಯ ಶೇ. 5ರಿಂದ 10ರಷ್ಟನ್ನು ಒಂದು ಮಳೆಗಾಲ ಕಳೆಯುವ ತನಕ ಹಿಡಿದಿಡುವ ಶರತ್ತು ಮೊದಲೇ ಹಾಕಿ. ಮತ್ತು ಮನೆ ಪರೀಕ್ಷಿಸುವ ಇಂಜಿನಿಯರ್ ಕಂಟ್ರಾಕ್ಟರ್ ಕಡೆಯವರಾಗಿರಬಾರದು. ಅವರಿಗೆ ನೀವೇ ಫೀಸು ಕೊಡಿ. ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದಲ್ಲಿ ಅತಿ ಹೆಚ್ಚು ಉಳಿತಾಯ ತರುವ ಖರ್ಚು ಅದೇ.

ಕೆಡವಬೇಕಾ ಅನ್ನುವ ಪ್ರಶ್ನೆಗೆ ಆ ವರದಿ ಬಂದ ಮೇಲೆ ಉತ್ತರ ಸಿಗುತ್ತದೆ. ಪಾಯ ಇನ್ನೂ ಕುಸಿಯುತ್ತಿದ್ದರೆ, ಹೆಚ್ಚಿನ ರೂಮುಗಳ ಚಾವಣಿಯಲ್ಲಿ ತುಕ್ಕು ಇದ್ದರೆ, ರಸ್ತೆ ಎತ್ತರವಾಗಿ ಮನೆ ತಗ್ಗಿಗೆ ಬಿದ್ದಿದ್ದರೆ ಕೆಡವುವುದು ಸರಿ. ರಿಪೇರಿಯ ಅಂದಾಜು ಹೊಸದರ ಖರ್ಚಿನ ಅರ್ಧ ದಾಟಿದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆದರೆ ಕೆಡವಿದರೆ ಈಗಿನ ನಿಯಮದಂತೆ ಸುತ್ತ ಹೆಚ್ಚು ಜಾಗ ಬಿಡಬೇಕಾಗಿ ಮನೆ ಚಿಕ್ಕದಾಗಬಹುದು, ಅದನ್ನು ಮೊದಲು ವಿಚಾರಿಸಿ. ಬಚ್ಚಲು ಒಂದೇ ಕೆಟ್ಟು ಉಳಿದ ಚಾವಣಿ, ಪಾಯ ಗಟ್ಟಿ ಇದ್ದರೆ ನಾನು ಉಳಿಸಿಕೊಳ್ಳಿ ಅನ್ನುತ್ತೇನೆ.

ಮಕ್ಕಳ ವಿಷಯ. ಗೋಡೆ, ಪ್ಲಾಸ್ಟರ್ ಒಡೆಯುವ ದಿನಗಳಲ್ಲಿ ಮಕ್ಕಳು ಅಲ್ಲಿ ಇರಬಾರದು. ಆ ಹಂತಕ್ಕಾದರೂ ಬೇರೆ ಮನೆ ನೋಡಿ. ಕಾರಣ ಬರೀ ದೂಳಲ್ಲ. ಹಳೆಯ ಎಣ್ಣೆ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಅಮೆರಿಕದಲ್ಲಿ ಮನೆಗೆ ಹಚ್ಚುವ ಸೀಸದ ಬಣ್ಣವನ್ನು 1978ರಲ್ಲೇ ನಿಲ್ಲಿಸಿದರು, ಬೇರೆ ಎಷ್ಟೋ ದೇಶಗಳಲ್ಲಿ ಅದು ಆಮೇಲೂ ಬಹಳ ಕಾಲ ಮಾರಾಟವಾಗಿದೆ. ಹಳೆ ಬಾಗಿಲು, ಕಿಟಕಿ, ಸರಳುಗಳನ್ನು ಒಣಗಿದ್ದಾಗಲೇ ಉಜ್ಜಿದರೆ ಆ ಸೀಸ ಪುಡಿಯಾಗಿ ನೆಲಕ್ಕೆ ಬೀಳುತ್ತದೆ, ಅಲ್ಲಿಂದ ಮಕ್ಕಳ ಕೈಗೆ, ಬಾಯಿಗೆ ಹೋಗುತ್ತದೆ. ಎಷ್ಟು ಕಡಿಮೆಯಾದರೂ ಸೀಸ ಮಕ್ಕಳಿಗೆ ಸುರಕ್ಷಿತ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೀರು ಚಿಮುಕಿಸಿ ಉಜ್ಜಲು ಹೇಳಿ, ಮೆಷಿನ್ ಹಚ್ಚಿ ಒಣ ಉಜ್ಜುವುದು ಬೇಡ. ಸಿಮೆಂಟ್ ಶೀಟಿನ ಹಳೆ ಮಾಡು ಎಲ್ಲಾದರೂ ಇದ್ದರೆ ಅದರಲ್ಲಿ ಕಲ್ನಾರು, ಅಂದರೆ ಉಸಿರಿನಲ್ಲಿ ಹೋದರೆ ಅಪಾಯವಾಗುವ ಆಸ್ಬೆಸ್ಟಾಸ್ ನಾರು, ಇರಬಹುದು. ಅದನ್ನು ಒಡೆಯದೆ, ಕೊರೆಯದೆ, ಒದ್ದೆ ಮಾಡಿ ಇಡಿಯಾಗಿ ಇಳಿಸಬೇಕು. ಟೈಲ್ಸ್, ಕಾಂಕ್ರೀಟ್ ಕತ್ತರಿಸುವಾಗಲೂ ನೀರು ಬಿಟ್ಟೇ ಕತ್ತರಿಸಲಿ. ಕೆಲಸದವರಿಗೂ ಒಳ್ಳೆಯ ಮಾಸ್ಕ್ ಕೊಡಿ, ದಿನವಿಡೀ ಆ ದೂಳು ಕುಡಿಯುವವರು ಅವರು.

ವಾಪಸ್ ಬರುವ ಮುಂಚೆ ಪೊರಕೆಯಲ್ಲಿ ಗುಡಿಸಬೇಡಿ, ದೂಳು ಎದ್ದು ಮತ್ತೆ ಕೂರುತ್ತದೆ. ನೆಲ, ಕಿಟಕಿಯ ಅಂಚು, ಮಕ್ಕಳ ಕೈಗೆಟುಕುವ ಎತ್ತರದ ತನಕ ಗೋಡೆ, ಇವನ್ನು ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಒಮ್ಮೆ ಒಣಗಿದ ಮೇಲೆ ಹೊಸ ಬಟ್ಟೆ, ಹೊಸ ನೀರು ತೆಗೆದುಕೊಂಡು ಇನ್ನೊಮ್ಮೆ ಒರೆಸಿ, ಆ ಬಟ್ಟೆಗಳನ್ನು ಎಸೆದುಬಿಡಿ.